ಎರಡು ವರ್ಷದ ಗ್ರೀನ್ ಕಾರ್ಡ್ ಬಂದ ಮೇಲೆ ಗಂಡ-ಹೆಂಡತಿ ಬೇರೆಯಾದರೆ ಐ-751 (ಕಾರ್ಡ್‌ನ ಷರತ್ತು ತೆಗೆಸೋ ಅರ್ಜಿ) ಹೇಗೆ ಹಾಕೋದು?

ಸಾಗರದವಳು:
ನನ್ನ ಚಿಕ್ಕಮ್ಮನ ಮಗಳ ವಿಷಯ. ಗಂಡ ಅಮೆರಿಕನ್ ಸಿಟಿಜನ್, ಇಬ್ಬರೂ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಮದುವೆಯಾಗಿ ಎರಡು ವರ್ಷ ತುಂಬೋ ಮೊದಲೇ ಅಪ್ರೂವ್ ಆಗಿದ್ದರಿಂದ ಅವಳದು ಎರಡು ವರ್ಷದ ಷರತ್ತಿನ ಕಾರ್ಡ್, ಕ್ಯಾಟಗರಿ ಸಿಆರ್6. ಅವಧಿ ಮುಗಿಯೋಕೆ ಇನ್ನೈದು ತಿಂಗಳಿದೆ. ಮೂರು ತಿಂಗಳಿಂದ ಬೇರೆ ಮನೆ ಮಾಡಿದ್ದಾಳೆ, ಡೈವೋರ್ಸ್‌ಗೆ ಇನ್ನೂ ಹಾಕಿಲ್ಲ. ಗಂಡ "ಸಹಿ ಹಾಕಲ್ಲ, ನಿನ್ನ ಕಾರ್ಡ್ ಕ್ಯಾನ್ಸಲ್ ಮಾಡಿಸ್ತೀನಿ" ಅಂತಿದ್ದಾನೆ. ಅಪ್ಪ-ಅಮ್ಮ "ಊರಿಗೆ ಬಾ, ಇಲ್ಲೇ ಕೇಸ್ ಹಾಕೋಣ" ಅಂತಾರೆ. ಐ-751 ಅವಳೊಬ್ಬಳೇ ಹಾಕಬಹುದಾ? ಯಾವಾಗ?

ಕಾಗದಪತ್ರ:
ಮೊದಲು ಆ ಬೆದರಿಕೆಯ ಮಾತು. ಕಾರ್ಡ್ ಅಪ್ರೂವ್ ಆದ ಮೇಲೆ ಅದನ್ನು ಕ್ಯಾನ್ಸಲ್ ಮಾಡೋ ಅಧಿಕಾರ ಗಂಡನಿಗಿಲ್ಲ. ಯುಎಸ್‌ಸಿಐಎಸ್‌ಗೆ (ಅಮೆರಿಕದ ವಲಸೆ ಇಲಾಖೆ) ದೂರು ಬರೆಯಬಹುದು, ಅದು ಅವಳ ಫೈಲ್ ಸೇರುತ್ತೆ, ಅಷ್ಟೇ. ಅಧಿಕಾರಿ ನೋಡೋದು ಮದುವೆ ಆದಾಗ ಅದು ನಿಜವಾದ ಮದುವೆಯಾಗಿತ್ತಾ ಅನ್ನೋದನ್ನು.

ಜಂಟಿ ಅರ್ಜಿಗೆ ಇಬ್ಬರ ಸಹಿಯೂ ಬೇಕು, ಕಾರ್ಡ್ ಮುಗಿಯೋ ಹಿಂದಿನ 90 ದಿನದಲ್ಲೇ ಹಾಕಬೇಕು. ಒಬ್ಬಳೇ ಹಾಕೋದಾದರೆ ವೇವರ್, ಅಂದರೆ ಜಂಟಿ ಸಹಿಯಿಂದ ವಿನಾಯಿತಿ ಕೇಳಬೇಕು. ಅದಕ್ಕೆ ಆ 90 ದಿನದ ಕಟ್ಟು ಇಲ್ಲ. ಆದರೆ ಡೈವೋರ್ಸ್ ಕಾರಣ ಕೊಟ್ಟರೆ ಕೊನೆಗೆ ಫೈನಲ್ ಡಿಕ್ರಿ (ಕೋರ್ಟ್‌ನ ಅಂತಿಮ ಡೈವೋರ್ಸ್ ಆದೇಶ) ತೋರಿಸಲೇಬೇಕು. ತೊಡಕಿರೋದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಪೇಪರ್ ಗಂಡನ ಕೈ ಸೇರಿದ ದಿನದಿಂದ ಕನಿಷ್ಠ ಆರು ತಿಂಗಳಾಗದೆ ಡೈವೋರ್ಸ್ ಆಗಲ್ಲ, ಕಾರ್ಡ್‌ಗೆ ಉಳಿದಿರೋದು ಐದೇ ತಿಂಗಳು. ಹಾಗಾಗಿ ಡೈವೋರ್ಸ್ ಅರ್ಜಿ ಈ ವಾರವೇ ಹೋಗಲಿ. ಅದರ ಕೋರ್ಟ್ ಮುದ್ರೆಯ ಪ್ರತಿ ಲಗತ್ತಿಸಿ, ಕಾರ್ಡ್ ಮುಗಿಯೋದರೊಳಗೆ ವೇವರ್ ಐ-751 ಹಾಕಲಿ. ಡಿಕ್ರಿ ಕೇಳಿ ಆರ್‌ಎಫ್‌ಇ (ಹೆಚ್ಚಿನ ದಾಖಲೆ ಕೇಳೋ ನೋಟಿಸ್) ಬಂದರೆ ಉತ್ತರಕ್ಕೆ ಹೆಚ್ಚೆಂದರೆ 84 ದಿನ, ಅಂಚೆಗೆ ಮೂರು ದಿನ ಸೇರಿಸಿ 87. ಅಷ್ಟರಲ್ಲೂ ಡಿಕ್ರಿ ಕೊಡದಿದ್ದರೆ ಅರ್ಜಿ ತಿರಸ್ಕಾರವಾಗಿ ವಿಷಯ ಇಮಿಗ್ರೇಷನ್ ಕೋರ್ಟ್‌ಗೆ ಹೋಗುತ್ತೆ.

ಎಡವೋದು ಎಲ್ಲಿ ಅಂದರೆ, ಕ್ಯಾಲಿಫೋರ್ನಿಯಾ ಕೋರ್ಟ್‌ಗೆ ಹಾಕೋ ಅರ್ಜಿ ಎಫ್‌ಎಲ್-100 ಫಾರಂನಲ್ಲಿ ಡೈವೋರ್ಸ್ ಮತ್ತು ಲೀಗಲ್ ಸೆಪರೇಷನ್ ಎರಡಕ್ಕೂ ಚೌಕಗಳಿವೆ. ಎರಡನೆಯದಕ್ಕೆ ಟಿಕ್ ಹಾಕಿದರೆ ಮದುವೆ ಮುರಿಯೋದಿಲ್ಲ, ವೇವರ್‌ಗೆ ಅದು ಉಪಯೋಗಕ್ಕೆ ಬಾರದು. ಪೇಪರ್‌ಗಳನ್ನು ಗಂಡನಿಗೆ ಅವಳೇ ಕೊಡುವ ಹಾಗಿಲ್ಲ, 18 ತುಂಬಿದ ಬೇರೆಯವರು ಕೊಟ್ಟು, ಕೊಟ್ಟಿದ್ದಕ್ಕೆ ಪುರಾವೆಯಾದ ಎಫ್‌ಎಲ್-115ಗೆ ಸಹಿ ಹಾಕಬೇಕು. ಆರು ತಿಂಗಳು ಕಳೆದ ಮಾತ್ರಕ್ಕೆ ಡೈವೋರ್ಸ್ ತಾನಾಗೇ ಆಗಿಬಿಡಲ್ಲ. ಜಡ್ಜ್‌ಮೆಂಟ್ ಫಾರಂ ಎಫ್‌ಎಲ್-180ಗೆ ಕೋರ್ಟ್‌ನಿಂದ ಸಹಿ ಆಗಬೇಕು. ಎಷ್ಟೋ ಕೇಸ್ ಇಲ್ಲೇ ಸುಮ್ಮನೆ ಬಿದ್ದಿರುತ್ತೆ.

ಹೊಡೆತ, ಕ್ರೌರ್ಯ ಏನಾದರೂ ನಡೆದಿದ್ದರೆ ಅದು ಬೇರೆಯೇ ಆಧಾರ. ಅದಕ್ಕೆ ಡೈವೋರ್ಸ್ ಬೇಕಿಲ್ಲ. ದಯವಿಟ್ಟು ಅವಳನ್ನು ಕೂರಿಸಿಕೊಂಡು ಕೇಳಿ, ಸಂಕೋಚಕ್ಕೆ ನಮ್ಮ ಹೆಣ್ಣುಮಕ್ಕಳು ಇದನ್ನು ಬಾಯಿಬಿಡಲ್ಲ.

ತೀರ್ಥಹಳ್ಳಿ_ಮಂಜು:
ಸಾಕ್ಷ್ಯದ ಬಗ್ಗೆ. ಜಂಟಿ ಬ್ಯಾಂಕ್ ಖಾತೆ, ಇನ್ಶೂರೆನ್ಸ್, ಬಾಡಿಗೆ ಪೋರ್ಟಲ್‌ಗಳಿಂದ ಅವನು ಅವಳ ಹೆಸರು ತೆಗೆಸೋ ಮೊದಲು ಹಳೇ ಸ್ಟೇಟ್‌ಮೆಂಟ್‌ಗಳೆಲ್ಲ ಇವತ್ತೇ ಡೌನ್‌ಲೋಡ್ ಆಗಲಿ. ಖಾತೆ ಇತ್ತು ಅಂತ ತೋರಿಸಿದರೆ ಸಾಲದು, ಅದರಿಂದ ಬಾಡಿಗೆ, ದಿನಸಿ, ಕರೆಂಟ್ ಬಿಲ್ ಹೋಗಿರೋದು ಕಾಣಬೇಕು. ಜಂಟಿ ಟ್ಯಾಕ್ಸ್ ರಿಟರ್ನ್‌ನ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಟ್ರಾನ್ಸ್‌ಕ್ರಿಪ್ಟ್ ಉಚಿತವಾಗಿ ಸಿಗುತ್ತೆ. ಇಬ್ಬರನ್ನೂ ಬಲ್ಲ ಕನಿಷ್ಠ ಇಬ್ಬರಿಂದ ಅಫಿಡವಿಟ್ ಇರಲಿ. ಲಗ್ನಪತ್ರಿಕೆ ಕನ್ನಡದಲ್ಲಿದ್ದರೆ ಜೊತೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅದರಡಿ "ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಿದೆ" ಅಂತ ಅನುವಾದಕರ ಸಹಿ.

ಬೇರೆಯಾದ ದಿನಾಂಕ ಎಫ್‌ಎಲ್-100ರಲ್ಲೂ ಐ-751ರ ಹೇಳಿಕೆಯಲ್ಲೂ ಒಂದೇ ಇರಲಿ. ಈಗಲೂ ಒಟ್ಟಿಗಿದ್ದೇವೆ ಅಂತ ಹಳೇ ವಿಳಾಸ ಬರೆಯೋದು ಬೇಡವೇ ಬೇಡ. ನಿಜವಾದ ಮದುವೆಯನ್ನು ಆ ಒಂದು ಸುಳ್ಳೇ ಅನುಮಾನಕ್ಕೆ ತಳ್ಳುತ್ತೆ. ಮನೆ ಬದಲಿಸಿದ 10 ದಿನದೊಳಗೆ ಎಆರ್-11 (ವಿಳಾಸ ಬದಲಾವಣೆ ಫಾರಂ) ಹಾಕಬೇಕಿತ್ತು. ಹಾಕಿಲ್ಲದಿದ್ದರೆ ಇವತ್ತೇ ಆನ್‌ಲೈನ್‌ನಲ್ಲಿ ಹಾಕಿಸಿ, ಇಲ್ಲವಾದರೆ ಇಂಟರ್‌ವ್ಯೂ ನೋಟಿಸ್ ಹೋಗೋದು ಗಂಡನ ಮನೆ ಬಾಗಿಲಿಗೆ.

ವಕಾಲತ್ತು:
ಊರಲ್ಲಿ ಕೇಸ್ ಹಾಕೋದು ಈ ಗಡುವಿಗೆ ಹೊಂದಲ್ಲ. ಹಿಂದೂ ವಿವಾಹ ಕಾಯ್ದೆಯ 13-ಬಿ ಪ್ರಕಾರ ಪರಸ್ಪರ ಒಪ್ಪಿಗೆಯ ಅರ್ಜಿಗೇ ಒಂದು ವರ್ಷ ಬೇರೆ ಇದ್ದಿರಬೇಕು, ಒಪ್ಪಿಗೆ ಇಲ್ಲದ ಕೇಸ್ ವರ್ಷಗಟ್ಟಲೆ ಎಳೆಯುತ್ತೆ. ಆದರೆ ಕ್ಯಾಲಿಫೋರ್ನಿಯಾ ಡಿಕ್ರಿ ಇಲ್ಲೂ ನಿಲ್ಲಬೇಕಾದರೆ 1991ರ ನರಸಿಂಹರಾವ್ ವಿರುದ್ಧ ವೆಂಕಟಲಕ್ಷ್ಮಿ ತೀರ್ಪು ಗಮನದಲ್ಲಿರಲಿ: ಒಬ್ಬರೇ ಹೋಗಿ, ನಮ್ಮ ಕಾಯ್ದೆಯಲ್ಲಿಲ್ಲದ "ಹೊಂದಾಣಿಕೆ ಇಲ್ಲ" ಅನ್ನೋ ಕಾರಣಕ್ಕೆ ತಂದ ಡಿಕ್ರಿಗೆ ಭಾರತದಲ್ಲಿ ಮಾನ್ಯತೆ ಸಿಗಲ್ಲ. ಇಬ್ಬರೂ ಸ್ವಇಚ್ಛೆಯಿಂದ ಆ ಕೋರ್ಟ್‌ಗೆ ಒಳಪಟ್ಟು, ಡಿಕ್ರಿಗೂ ಒಪ್ಪಿದ್ದರೆ ಸಿಗುತ್ತೆ. ಮುಂದೆ ಊರಲ್ಲಿ ಮರುಮದುವೆ ಆಗೋದಿದ್ದರೆ ಆ ಲಿಖಿತ ಒಪ್ಪಿಗೆಗಾಗಿ ಈಗಲೇ ಪಟ್ಟು ಹಿಡಿಯಿರಿ.

ಸಾಗರದವಳು:
ತುಂಬಾ ಉಪಕಾರ. ಸಿಟಿಜನ್‌ಶಿಪ್ ಕಥೆ ಏನು? ಅವಳ ಓರಗಿತ್ತಿಯೂ ಬೇರೆಯಾಗೋ ಯೋಚನೆಯಲ್ಲಿದ್ದಾಳೆ, ಅವಳದು ಗಂಡನ ಇಬಿ-2 (ಕೆಲಸದ ಮೇಲೆ ಸಿಗೋ ಗ್ರೀನ್ ಕಾರ್ಡ್ ವರ್ಗ) ಮೇಲೆ ಬಂದ ಕಾರ್ಡ್.

ಕಾಗದಪತ್ರ:
ಮೂರು ವರ್ಷಕ್ಕೆ ಎನ್-400 (ಸಿಟಿಜನ್‌ಶಿಪ್ ಅರ್ಜಿ) ಹಾಕೋ ರಿಯಾಯಿತಿ ಸಿಟಿಜನ್ ಗಂಡನ ಜೊತೆ ಬಾಳುತ್ತಿರೋರಿಗೆ. ತಂಗಿಗೆ ಇನ್ನು ಐದು ವರ್ಷದ ಲೆಕ್ಕ, ಕಾರ್ಡ್‌ನಲ್ಲಿರೋ "ರೆಸಿಡೆಂಟ್ ಸಿನ್ಸ್" ದಿನಾಂಕದಿಂದ. ಓರಗಿತ್ತಿಯ ಕಾರ್ಡ್ ಈಗಾಗಲೇ ಅಪ್ರೂವ್ ಆಗಿದ್ದರೆ ಅವಳಿಗೆ ಐ-751 ಇಲ್ಲ, ಡೈವೋರ್ಸ್ ಆದರೂ ಕಾರ್ಡ್ ಉಳಿಯುತ್ತೆ. ಐ-485 (ಗ್ರೀನ್ ಕಾರ್ಡ್ ಅರ್ಜಿ) ಇನ್ನೂ ಪೆಂಡಿಂಗ್ ಇದ್ದು, ಅಪ್ರೂವ್ ಆಗೋ ಮೊದಲೇ ಡೈವೋರ್ಸ್ ಫೈನಲ್ ಆದರೆ ಮಾತ್ರ ಡಿಪೆಂಡೆಂಟ್ ಅರ್ಜಿ ಬಿದ್ದುಹೋಗುತ್ತೆ. ಹಾಗಾಗಿ ಮೊದಲು ಅವಳ ಕಾರ್ಡ್ ಕೈಗೆ ಬಂದಿದೆಯಾ ಅಂತ ಕೇಳಿ.