ಅಟ್ಟದಿಂದ ಇಳಿಸಿದ ಪೆಡಲ್ ಸ್ಟೀಲ್ ಗಿಟಾರ್: ಯಾರು ಮಾಡಿದ್ದು, ಬಿಡಿಭಾಗ ಎಲ್ಲಿಂದ ತರುವುದು?

ಪ್ರಶ್ನೆ (ಕುಲಶೇಖರ, ಮಂಗಳೂರು)

ಮಾನ್ಯರೇ, ನಮಸ್ಕಾರ. ನಮ್ಮ ದೊಡ್ಡಪ್ಪ ಸರಕು ಹಡಗಿನ ಎಂಜಿನ್ ವಿಭಾಗದಲ್ಲಿದ್ದರು. 1970ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಬಂದರೊಂದರಿಂದ ತಂದಿದ್ದ ವಾದ್ಯವೊಂದು ಇಷ್ಟು ವರ್ಷ ಅಟ್ಟದ ಮೇಲಿತ್ತು. ಅದಕ್ಕೆ ನಾಲ್ಕು ಕಾಲು, ಎಂಟು ತಂತಿ, ಕೆಳಗೆ ನಾಲ್ಕು ಪೆಡಲ್ ಇವೆ. ಹೆಸರಿನ ಫಲಕ ಇಲ್ಲ, ಅದು ಇದ್ದ ಜಾಗದಲ್ಲಿ ಎರಡು ತೂತುಗಳು ಮಾತ್ರ ಉಳಿದಿವೆ. ಅಡಿಭಾಗದಲ್ಲಿ ಸೈಕಲ್ ಬ್ರೇಕಿನ ತಂತಿಯಂತಹ ಉಕ್ಕಿನ ಕೇಬಲ್‌ಗಳಿದ್ದು, ಅವುಗಳಲ್ಲಿ ಎರಡು ತುಂಡಾಗಿವೆ. ಇದು ಹವಾಯಿಯನ್ ಗಿಟಾರ್, ಕೇಬಲ್‌ಗಳನ್ನೆಲ್ಲ ತೆಗೆದು ಹಾಗೆಯೇ ನುಡಿಸಬಹುದು ಎಂದು ವಾದ್ಯದ ಅಂಗಡಿಯವರೊಬ್ಬರು ಹೇಳಿದರು. ಬಿದ್ದುಹೋದ ಸ್ಕ್ರೂಗಳ ಜಾಗದಲ್ಲಿ ಹೊಸ ತ್ರೆಡ್ (ಸ್ಕ್ರೂ ಹಿಡಿಯುವ ಸುರುಳಿ ಗೆರೆ) ಹೊಡೆದುಕೊಡಲು ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು ಸಿದ್ಧರಿದ್ದಾರೆ. ದೊಡ್ಡಪ್ಪನ ಮನೆಯ ಮದುವೆಗಳ ರೋಸ್ ಸಮಾರಂಭದಲ್ಲಿ (ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಇದನ್ನು ಕೇಳಿದ ನೆನಪು ನನಗಿರುವುದರಿಂದ ಮೊದಲಿನಂತೆಯೇ ನುಡಿಯುವಂತಾಗಬೇಕೆಂಬ ಆಸೆಯಿದೆ. ಇದು ಯಾರ ತಯಾರಿಕೆ, ಬಿಡಿಭಾಗಗಳಿಗೆ ಏನು ಮಾಡಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ (ವಾದ್ಯ ದುರಸ್ತಿಗಾರ, ಉಡುಪಿ)

ನಮಸ್ಕಾರ. ವೆಲ್ಡಿಂಗ್ ಅಂಗಡಿಯವರಿಗೆ ಇವತ್ತೇ ಫೋನ್ ಮಾಡಿ, ಯಾವ ತೂತಿಗೂ ಟ್ಯಾಪ್ (ತ್ರೆಡ್ ಕೊರೆಯುವ ಉಪಕರಣ) ಹಾಕಬಾರದೆಂದು ಹೇಳಿಬಿಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಕೇಬಲ್‌ಗಳನ್ನೂ ತೆಗೆಯಬೇಡಿ, ತುಂಡಾದವು ಕೂಡ ಇದ್ದಲ್ಲೇ ಇರಲಿ. ಅವು ಯಾವ ರಾಟೆಯ ಮೇಲೆ ಹಾದು ಯಾವ ಕೊಂಡಿಗೆ ಸೇರುತ್ತವೆ ಎಂಬುದೇ ಈಗ ನಿಮ್ಮ ಬಳಿ ಇರುವ ಏಕೈಕ ನಕ್ಷೆ. ವಾದ್ಯವನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ, ಅಡಿಭಾಗದ ಪ್ರತಿ ಗೇಣಿನ ಫೋಟೋ ತೆಗೆದಿಟ್ಟುಕೊಳ್ಳಿ.

ಹವಾಯಿಯನ್ ಗಿಟಾರ್ ಇದರ ಪೂರ್ವಜ ಎಂಬುದು ನಿಜ. ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ಬೆಳೆಯಿತು, ಅದರ ಶ್ರೇಯಸ್ಸು ಸಾಮಾನ್ಯವಾಗಿ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. ಆದರೆ ಅದರಲ್ಲಿ ತಂತಿಗಳ ಶ್ರುತಿ ಒಮ್ಮೆ ಕೂಡಿಸಿದ ಮೇಲೆ ಸ್ಥಿರ. ಪೆಡಲ್ ಸ್ಟೀಲಿನಲ್ಲಿ ಹಾಗಲ್ಲ. ನಾವು ವೀಣೆಯಲ್ಲಿ ಬೆರಳಿನಿಂದ ತಂತಿ ಎಳೆದು ಸ್ವರವನ್ನು ಏರಿಸುವಂತೆ, ಇಲ್ಲಿ ಕಾಲಿನ ಒತ್ತು ಯಂತ್ರದ ಮೂಲಕ ಆಯ್ದ ಕೆಲವು ತಂತಿಗಳನ್ನು ಮಾತ್ರ ಬಿಗಿಯುತ್ತದೆ ಅಥವಾ ಸಡಿಲಿಸುತ್ತದೆ, ಉಳಿದವು ಇದ್ದ ಸ್ವರದಲ್ಲೇ ನಿಂತಿರುತ್ತವೆ. ಕೇಬಲ್ ತೆಗೆದರೆ ನಿಮ್ಮ ನೆನಪಿನಲ್ಲಿರುವ ಆ ನಾದವೇ ಹೋಗುತ್ತದೆ.

ಫಲಕ ಕಳೆದುಹೋದ ಪೆಡಲ್ ಸ್ಟೀಲನ್ನು ಗುರುತಿಸಲು ಮೇಲ್ಭಾಗಕ್ಕಿಂತ ಹೊಟ್ಟೆಯನ್ನು ನೋಡುವುದು ಒಳ್ಳೆಯದು. ನ್ಯಾಶ್‌ವಿಲ್‌ನ ಶೋ-ಬಡ್, ಉತ್ತರ ಕ್ಯಾರೊಲಿನಾದ ಎಮನ್ಸ್, ಟೆಕ್ಸಾಸ್‌ನ ಎಂ.ಎಸ್.ಎ. ಇವುಗಳಲ್ಲಿ ಪೆಡಲಿನ ಎಳೆತವನ್ನು ತಂತಿಯವರೆಗೆ ಒಯ್ಯುವುದು ಗಟ್ಟಿ ಸರಳುಗಳು, ತಂತಿಗಳೂ ಸಾಮಾನ್ಯವಾಗಿ ಹತ್ತು. ಶೋ-ಬಡ್ ಆಗಿದ್ದರೆ ಫ್ರೆಟ್ ಪಟ್ಟಿಯ ಮೇಲೆ ಇಸ್ಪೀಟಿನ ಎಲೆಗಳ ಚಿಹ್ನೆಗಳು ಕಾಣುವ ಸಂಭವವೂ ಹೆಚ್ಚು. ಗಿಬ್ಸನ್‌ನ ಹಳೆಯ ಎಲೆಕ್ಟ್ರಾಹಾರ್ಪ್‌ಗೆ ಎಂಟು ತಂತಿಗಳಿದ್ದರೂ ಅದರ ಪೆಡಲ್‌ಗಳು ಒಂದು ಕಾಲಿನ ಬುಡದ ಸುತ್ತ ಗುಂಪಾಗಿರುತ್ತವೆ. ಎಂಟು ತಂತಿ, ಒಂದೇ ಕುತ್ತಿಗೆ, ಸಾಲಾಗಿ ನಾಲ್ಕು ಪೆಡಲ್, ಜೊತೆಗೆ ಕೇಬಲ್ ಎಂದಾಗ ನನ್ನ ಮನಸ್ಸಿಗೆ ಬರುವ ಮೊದಲ ಹೆಸರು ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿಯ 400 ಎಂಬ ಮಾದರಿ. ಅದರ ಜೋಡಿ ಕುತ್ತಿಗೆಯ ಅಣ್ಣ ಫೆಂಡರ್ 1000. ಎರಡೂ 1950ರ ದಶಕದ ಕೊನೆಯಲ್ಲಿ ಬಂದವು.

ಖಚಿತಪಡಿಸಿಕೊಳ್ಳಲು ಎರಡು ಕೆಲಸ ಮಾಡಿ. ತಂತಿ ಹಾದುಹೋಗುವ ಎಡಗಡೆಯ ಆಸರೆಯಾದ ನಟ್‌ನಿಂದ ಬಲಗಡೆಯ ಆಸರೆಯಾದ ಬ್ರಿಡ್ಜ್‌ವರೆಗೆ ಅಳತೆ ತೆಗೆದುಕೊಳ್ಳಿ. ಬಳಿಕ ವಾಲ್ಯೂಮ್ ಗುಬ್ಬಿಯ ಅಡಿಯಲ್ಲಿರುವ ಪೊಟೆನ್ಶಿಯೋಮೀಟರಿನ ಬೆನ್ನ ಮೇಲೆ ಅಥವಾ ಅಂಚಿನಲ್ಲಿ ಒತ್ತಿರುವ ಅಂಕಿಗಳನ್ನು ಓದಿ ತಿಳಿಸಿ. ಅಲ್ಲಿನ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಅಂಕಿಗಳೇ ಅಳಿಸಿಹೋಗುತ್ತವೆ. ಒಣ ಬ್ರಷ್ ಸಾಕು.

ಮರುಪ್ರಶ್ನೆ (ಕುಲಶೇಖರ, ಮಂಗಳೂರು)

ಸರ್, ತುಂಬಾ ಉಪಕಾರವಾಯಿತು. ಅಳತೆ ಇಪ್ಪತ್ತನಾಲ್ಕೂವರೆ ಇಂಚು ಬಂತು. ಪೊಟೆನ್ಶಿಯೋಮೀಟರಿನ ಮೇಲೆ 3046134 ಎಂದಿದೆ. ತುಂಡಾದ ಎರಡು ಕೇಬಲ್‌ಗಳ ಜೊತೆಗೆ ಒಂದು ಸ್ಪ್ರಿಂಗ್ ಇಲ್ಲ, ಬ್ರಿಡ್ಜ್ ಹತ್ತಿರ ಸ್ಪಂಜಿನಂತಹ ಯಾವುದೋ ವಸ್ತು ಪುಡಿಯಾಗಿದೆ, ತಂತಿ ಸಿಕ್ಕಿಸುವ ಬೆರಳಿನಂತಹ ಭಾಗವೊಂದು ಅಲುಗಾಡುತ್ತಿಲ್ಲ. ಮನೆಯವರು ಅದಕ್ಕೆ ತೆಂಗಿನೆಣ್ಣೆ ಬಿಡೋಣ ಎನ್ನುತ್ತಿದ್ದಾರೆ. ಇದರ ಜೊತೆ ಒಂದು ಆಂಪ್ಲಿಫೈಯರ್ ಕೂಡ ಇದೆ.

ಉತ್ತರ

ತೆಂಗಿನೆಣ್ಣೆ ಬೇಡವೇ ಬೇಡ. ಅದು ಕೆಲವು ತಿಂಗಳಲ್ಲಿ ಅಂಟಾಗಿ, ಧೂಳನ್ನು ಹಿಡಿದು, ಬೆರಳನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಕಡ್ಡಿಯ ತುದಿಯಿಂದ ಒಂದು ಹನಿ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಕೈಯಿಂದಲೇ ಮೆಲ್ಲಗೆ ಆಡಿಸಿ ನೋಡಿ. ಇಕ್ಕಳ ಹಾಕಬೇಡಿ. ಆಂಪ್ಲಿಫೈಯರನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಬೇಡಿ. ಅಮೆರಿಕದ ವಿದ್ಯುತ್ ಅದರ ಸುಮಾರು ಅರ್ಧದಷ್ಟು ಮಾತ್ರ, ಆದ್ದರಿಂದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ನೀವು ಕೊಟ್ಟ ಅಂಕಿ ಬಹಳ ಮಾತನ್ನು ಹೇಳುತ್ತದೆ. ಮೊದಲ ಮೂರು ಅಂಕಿ ಪೊಟೆನ್ಶಿಯೋಮೀಟರ್ ತಯಾರಕರ ಗುರುತು: 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದಿದ್ದರೆ ಸಿ.ಟಿ.ಎಸ್. ಆಗುತ್ತಿತ್ತು. ಮುಂದಿನ ಎರಡು ವರ್ಷವನ್ನೂ ಕೊನೆಯ ಎರಡು ವಾರವನ್ನೂ ಸೂಚಿಸುತ್ತವೆ. ಅಂದರೆ ಈ ಬಿಡಿಭಾಗ 1961ರ 34ನೇ ವಾರದ್ದು. ವಾದ್ಯ ಅದಕ್ಕಿಂತ ಹಳೆಯದಾಗಿರಲಾರದು, ಕೆಲವು ತಿಂಗಳು ಈಚಿನದಾಗಿರಬಹುದು. ಬೆಸುಗೆ ಮೂಲದ್ದೇ ಎಂದು ಕಂಡರೆ ಮಾತ್ರ ಈ ಲೆಕ್ಕವನ್ನು ನಂಬಿ, ಏಕೆಂದರೆ ನಡುವೆ ಯಾರಾದರೂ ಬದಲಿಸಿರುವ ಸಾಧ್ಯತೆ ಸದಾ ಇರುತ್ತದೆ. ಬ್ರಿಡ್ಜ್ ಹತ್ತಿರ ಪುಡಿಯಾಗಿರುವುದು ತಂತಿಯ ನಾದವನ್ನು ತಡೆಯುವ ಮ್ಯೂಟ್‌ನ ಮೆತ್ತೆ, ಅದೂ ಫೆಂಡರ್ 400ಕ್ಕೆ ಹೊಂದುತ್ತದೆ. ಇದು 1965ರಲ್ಲಿ ಆ ಕಂಪನಿ ಸಿ.ಬಿ.ಎಸ್. ಎಂಬ ಅಮೆರಿಕದ ಪ್ರಸಾರ ಸಂಸ್ಥೆಯ ಕೈಗೆ ಹೋಗುವ ಮುನ್ನ ತಯಾರಾದ ಫೆಂಡರ್ 400 ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ನಿಮ್ಮ ದೊಡ್ಡಪ್ಪ ಕೊಂಡಾಗ ಅದಕ್ಕೆ ಆಗಲೇ ಹದಿನೈದು ವರ್ಷದ ಮೇಲಾಗಿತ್ತು.

ಈ ಕೇಬಲ್ ಕ್ರಮದ ಗುಣವೆಂದರೆ, ಕೊಂಡಿಯನ್ನು ಬಿಡಿಸಿ ಬೇರೆ ಕಡೆ ಸಿಕ್ಕಿಸಿದರೆ ಯಾವ ಪೆಡಲ್ ಯಾವ ತಂತಿಯನ್ನು ಎಳೆಯಬೇಕೆಂಬುದನ್ನು ನುಡಿಸುವವರೇ ಬದಲಿಸಿಕೊಳ್ಳಬಹುದು. ಅದೇ ಕಾರಣಕ್ಕೆ ದುರಸ್ತಿಯೂ ಇಲ್ಲಿಯೇ ಸಾಧ್ಯ. ಕೇಬಲ್‌ಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ತುಂಡಾದದ್ದರ ದಪ್ಪವನ್ನು ತುಕ್ಕಿಲ್ಲದ ಭಾಗದಲ್ಲಿ ವರ್ನಿಯರ್‌ನಿಂದ ಅಳೆದು, ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ದೋಣಿ ಸಾಮಾನು ಮಾರುವವರ ಬಳಿ ಅಷ್ಟೇ ದಪ್ಪದ, ಸಣ್ಣ ಎಳೆಗಳನ್ನು ಹೊಸೆದ ಸ್ಟೇನ್‌ಲೆಸ್ ವೈರ್ ರೋಪ್ ಕೇಳಿ. ಎಳೆ ದಪ್ಪಗಿದ್ದು ಕಡಿಮೆಯಿದ್ದರೆ ಅದು ಚಿಕ್ಕ ರಾಟೆಯ ಮೇಲೆ ಬಾಗದೆ ಬೇಗ ಮುರಿಯುತ್ತದೆ. ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಉತ್ತಮ. ಕತ್ತರಿಸುವ ಮೊದಲು ಭಾರ ಕಟ್ಟಿ ಒಂದು ರಾತ್ರಿ ತೂಗುಹಾಕಿದರೆ ಮುಂದೆ ಹಿಗ್ಗಿ ಶ್ರುತಿ ತಪ್ಪುವುದು ಕಡಿಮೆಯಾಗುತ್ತದೆ. ಸ್ಪ್ರಿಂಗನ್ನು ಉಳಿದವುಗಳ ಮಾದರಿ ಕೊಟ್ಟು ಇಲ್ಲೇ ಮಾಡಿಸಬಹುದು, ಮ್ಯೂಟ್‌ಗೆ ದಟ್ಟವಾದ ಫೋಮ್ ಸಾಕು.

ಚೇಂಜರ್‌ನ (ತಂತಿಯನ್ನು ಬಿಗಿದು ಸಡಿಲಿಸುವ ಯಂತ್ರ) ಬೆರಳು, ರಾಟೆ, ಪೆಡಲನ್ನು ಮೇಲಿನ ಯಂತ್ರಕ್ಕೆ ಸೇರಿಸುವ ಸರಳು ಮುರಿದಿದ್ದರೆ ಮಾತು ಬೇರೆ. ಅವು ಹೊಸದಾಗಿ ತಯಾರಾಗುತ್ತಿಲ್ಲ, ಕೆಟ್ಟುಹೋದ ಇನ್ನೊಂದು 400 ಅಥವಾ 1000ದಿಂದ ಬಿಚ್ಚಿದ ಭಾಗವೇ ಬೇಕು. ಅಂತಹವು ಅಮೆರಿಕದ ಸ್ಟೀಲ್ ಗಿಟಾರ್ ವಾದಕರ ನಡುವೆ ಕೈ ಬದಲಾಗುತ್ತಿರುತ್ತವೆ. ಕೇಳುವಾಗ ಮಾದರಿಯ ಹೆಸರು, ಆ ಇಪ್ಪತ್ತನಾಲ್ಕೂವರೆ ಇಂಚಿನ ಅಳತೆ ಮತ್ತು ಭಾಗದ ಎರಡೂ ಬದಿಯ ಫೋಟೋ ಕಳುಹಿಸಿ, ಏಕೆಂದರೆ ಇದೇ ಹೆಸರಿನಲ್ಲಿ ಮುಂದೆ 23 ಇಂಚಿನವೂ ಬಂದಿವೆ. ಅಂಚೆ ಮತ್ತು ಸುಂಕದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರತಿಕ್ರಿಯೆ (ಲೇತ್ ಕೆಲಸದವರು, ಬೈಕಂಪಾಡಿ)

ಸರ್, ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ಟ್ಯಾಪ್ ಹಾಕಬಾರದು ಎಂದು ಏಕೆ ಅಷ್ಟು ಖಡಾಖಂಡಿತವಾಗಿ ಹೇಳಿದಿರಿ? ಎಂ5 ಸ್ಕ್ರೂ ಇಂತಹ ತೂತಿಗೆ ಒಂದೆರಡು ಸುತ್ತು ಹೋಗುವುದನ್ನು ನಾನು ನೋಡಿದ್ದೇನೆ.

ಉತ್ತರ

ನೀವು ಕೇಳಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ಒಂದೆರಡು ಸುತ್ತೇ ಮೋಸ ಮಾಡುತ್ತದೆ. ಆ ಕಾಲದ ಅಮೆರಿಕದ ವಾದ್ಯಗಳಲ್ಲಿ ಸಾಮಾನ್ಯವಾಗಿ ಬಳಕೆಯಾದದ್ದು 6-32, 8-32, 10-32 ಎಂಬ ಇಂಚು ಲೆಕ್ಕದ ತ್ರೆಡ್‌ಗಳು (ಮೊದಲ ಅಂಕಿ ಸ್ಕ್ರೂವಿನ ಗಾತ್ರ, ಎರಡನೆಯದು ಒಂದು ಇಂಚಿನಲ್ಲಿರುವ ಸುತ್ತುಗಳು). 10-32ರ ವ್ಯಾಸ 4.83 ಮಿ.ಮೀ., ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ಅಂತರ) 0.794 ಮಿ.ಮೀ. ನಮ್ಮ ಮೆಟ್ರಿಕ್ ಅಳತೆಯ ಎಂ5ರ ವ್ಯಾಸ 5 ಮಿ.ಮೀ., ಪಿಚ್ 0.8 ಮಿ.ಮೀ. ಪಿಚ್ ಹತ್ತಿರ ಹತ್ತಿರವಿರುವುದರಿಂದ ಸ್ಕ್ರೂ ಬಾಯಿಗೆ ಹಿಡಿಯುತ್ತದೆ, ವ್ಯಾಸ ಹೆಚ್ಚಿರುವುದರಿಂದ ಒಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿದರೆ ಮೆದು ಲೋಹದ ತ್ರೆಡ್ ಸುಲಿದುಹೋಗುತ್ತದೆ. 8-32ರ ತೂತಿಗೆ ಎಂ4 ಹಾಕಿದರೆ ಇದಕ್ಕೆ ವಿರುದ್ಧವಾಗಿ ಸಡಿಲಾಗಿ ಕುಳಿತು, ಪೆಡಲ್ ತುಳಿದಾಗ ಕಿತ್ತುಬರುತ್ತದೆ. ತೂತನ್ನು ಒಮ್ಮೆ ಮೆಟ್ರಿಕ್ ಮಾಡಿಬಿಟ್ಟರೆ ನಾಳೆ ತರಿಸುವ ಮೂಲ ಭಾಗ ಅಲ್ಲಿ ಕೂರುವುದಿಲ್ಲ. ನಿಮ್ಮಂತಹವರು ಈ ತ್ರೆಡ್‌ನಲ್ಲಿ ಸ್ಕ್ರೂವನ್ನೇ ಲೇತ್‌ನಲ್ಲಿ ಕಡೆದುಕೊಟ್ಟರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಕುಲಶೇಖರದವರಿಗೆ ಇನ್ನೊಂದು ಮಾತು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸಿ. ಕಿಲೋ ಓಮ್‌ಗಳಲ್ಲಿ ಸ್ಥಿರವಾದ ಅಂಕಿ ಬಂದರೆ ಅದನ್ನು ಮುಟ್ಟಬೇಡಿ. ಏನೂ ಬಾರದಿದ್ದರೂ ಮೋಟಾರ್ ಸುತ್ತುವವರಿಗೆ ಕೊಡಬೇಡಿ, ಅದರ ತಾಮ್ರದ ಎಳೆ ಕೂದಲಿನಷ್ಟೇ ತೆಳ್ಳಗಿರುತ್ತದೆ. ತಂತಿಗಳನ್ನು ಕೊನೆಗೆ ಹಾಕಿ. ಪೆಡಲ್ ಸ್ಟೀಲಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಇ9 ಎಂಬ ಶ್ರುತಿ ಕ್ರಮವಾದರೆ ಮೇಲಿನ ಜಿ ಶಾರ್ಪ್‌ಗೆ 0.011 ಇಂಚು, ಅದರ ಕೆಳಗಿನ ಇ ಸ್ವರಕ್ಕೆ 0.014, ಬಿ ಸ್ವರಕ್ಕೆ 0.017 ಬಿಡಿ ತಂತಿಗಳು ಸಾಮಾನ್ಯ ಗಿಟಾರ್ ಅಂಗಡಿಯಲ್ಲೂ ಸಿಗುತ್ತವೆ. ಮೊದಲು ಹೊಸ ಕೇಬಲ್‌ಗೆ ಸೇರುವ ಒಂದೇ ತಂತಿಯನ್ನು ಕಟ್ಟಿ, ಪೆಡಲ್ ತುಳಿದು ಬಿಟ್ಟ ಮೇಲೆ ಸ್ವರ ಹಿಂದಿನ ಜಾಗಕ್ಕೇ ಮರಳುತ್ತದೆಯೇ ಎಂದು ಟ್ಯೂನರ್‌ನಲ್ಲಿ ಹತ್ತು ಬಾರಿ ನೋಡಿ. ಮರಳದಿದ್ದರೆ ಉಳಿದ ಏಳನ್ನು ಕಟ್ಟುವ ಮುನ್ನ ಆ ಕೇಬಲ್ ರಾಟೆಯಲ್ಲಿ ಉಜ್ಜುತ್ತಿದೆಯೇ, ಹೊಸ ಸ್ಪ್ರಿಂಗ್ ಮೆತ್ತಗಾಯಿತೇ ಎಂದು ಪರೀಕ್ಷಿಸಿ, ಫೋಟೋ ಸಹಿತ ಇಲ್ಲೇ ಬರೆಯಿರಿ.