ತಮ್ಮನ ಕಾಲಿಗೆ ರಿಂಗ್ ಹಾಕಿದ್ದಾರೆ. ಒಳಗೆ ರಾಡ್ ಯಾಕೆ ಹಾಕಲಿಲ್ಲ?

ಹಾವೇರಿ ಹುಡುಗಿ:
ನನ್ನ ತಮ್ಮ ಸೇನೆಯಲ್ಲಿದ್ದಾನೆ. ಗಡಿಯಲ್ಲಿ ಶೆಲ್ ಸಿಡಿದು ಮೊಣಕಾಲ ಕೆಳಗಿನ ಮೂಳೆ ಪುಡಿಯಾಗಿದೆ. 4 ಸೆಂ.ಮೀ. ಮೂಳೆಯೇ ಇಲ್ಲವಂತೆ. ಮಿಲಿಟರಿ ಆಸ್ಪತ್ರೆಯಲ್ಲಿ ಕಾಲಿನ ಸುತ್ತ ರಿಂಗ್ ಹಾಕಿದ್ದಾರೆ. ನಮ್ಮೂರಲ್ಲಿ ಬೈಕಿನಿಂದ ಬಿದ್ದವರಿಗೆ ಒಳಗೇ ರಾಡ್ ಹಾಕಿ ಮನೆಗೆ ಕಳಿಸ್ತಾರೆ. ಇವನಿಗೆ ಯಾಕೆ ಹೀಗೆ? ಆ ತಂತಿಗಳನ್ನು ನೋಡಿದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ.

ಮಾಜಿ ಹವಾಲ್ದಾರ್, ಗದಗ:
ತಂಗಿ, ಮೊದಲು ಅಮ್ಮನಿಗೆ ಊಟ ಮಾಡಿಸು. 1999ರಲ್ಲಿ ದ್ರಾಸ್‌ನಲ್ಲಿ ನನಗೂ ಶೆಲ್ ಚೂರು ಬಡಿದು ಬಲಗಾಲಿಗೆ ಇದೇ ರಿಂಗ್ ಹಾಕಿದ್ದರು. ಈಗ ಹೊಲಕ್ಕೆ ನಡೆದೇ ಹೋಗ್ತೇನೆ.

ಶೆಲ್ ಗಾಯ ಬೇರೆ ಥರ. ಚೂರಿನ ಜೊತೆ ಮಣ್ಣು, ಪ್ಯಾಂಟಿನ ಬಟ್ಟೆ, ಬೂಟಿನ ಚರ್ಮ ಎಲ್ಲ ಒಳಗೆ ಹೊಕ್ಕಿರುತ್ತೆ. ತೊಳೆದಷ್ಟೂ ಕೊಳೆ. ಅಲ್ಲಿ ರಾಡ್ ಕೂರಿಸಿದರೆ ಕೀವು ಮೂಳೆಯ ಉದ್ದಕ್ಕೂ ಹರಡಬಹುದು. ರಿಂಗ್ ಹಾಕಿದರೆ ಗಾಯದೊಳಗೆ ಲೋಹ ಇರಲ್ಲ. ಗಾಯಕ್ಕಿಂತ ಮೇಲೆ, ಕೆಳಗೆ ಇರುವ ಒಳ್ಳೆ ಮೂಳೆಗೆ ತಂತಿ ತೂರಿಸ್ತಾರೆ. ತಂತಿ 2 ಮಿ.ಮೀ.ಗಿಂತ ಸಣ್ಣದು. ಆದರೆ ಸೈಕಲ್ ಕಡ್ಡಿಯ ಹಾಗೆ ಎಳೆದು ಬಿಗಿದಿರುತ್ತಾರೆ. ಹಾಗಾಗಿ ರಿಂಗ್ ಇರುವಾಗಲೇ ಕಾಲೂರಿ ನಡೆಯಬಹುದು, ಡಾಕ್ಟರ್ ಹೇಳಿದಷ್ಟು ಮಾತ್ರ.

ಈ ರಿಂಗ್ ವಿಧಾನ ಕಂಡುಹಿಡಿದ ಡಾಕ್ಟರ್ ಇಲಿಜಾರೋವ್ ಸೈಬೀರಿಯಾದ ಕುರ್ಗಾನ್‌ನಲ್ಲಿದ್ದವರು. ಎರಡನೇ ಮಹಾಯುದ್ಧದಿಂದ ಮೂಳೆ ಕೂಡದೆ ವಾಪಸ್ ಬಂದ ಸೈನಿಕರಿಗೆ ಅಲ್ಲಿ ಚಿಕಿತ್ಸೆ ಕೊಟ್ಟರು. ನಮ್ಮಂಥವರ ಕಾಲಿನಿಂದಲೇ ಶುರುವಾದ ವಿದ್ಯೆ ಅಂತ ನನಗೆ ಸ್ವಲ್ಪ ಜಂಬ, ಇರಲಿ ಬಿಡಿ.

ಹಾವೇರಿ ಹುಡುಗಿ:
ತುಂಬಾ ಧೈರ್ಯ ಬಂತು ಕಾಕಾ. ಆದರೆ ಇಲ್ಲದ ಮೂಳೆಯನ್ನು ಎಲ್ಲಿಂದ ತರ್ತಾರೆ?

ಮೂಳೆ ವಿಭಾಗದ ಪಿ.ಜಿ. ಡಾಕ್ಟರ್:
ಅವನ ಕಾಲಲ್ಲೇ ಬೆಳೆಸ್ತಾರೆ ಮೇಡಂ. ಚೆನ್ನಾಗಿರುವ ಕಡೆ ಮೂಳೆಯನ್ನು ಕತ್ತರಿಸಿ, ಸುಮಾರು ಒಂದು ವಾರ ಬಿಟ್ಟು, ರಿಂಗಿನ ನಟ್ಟು ತಿರುಗಿಸಿ ಆ ತುಂಡನ್ನು ದಿನಕ್ಕೆ 1 ಮಿ.ಮೀ. ಸರಿಸುತ್ತಾರೆ. ಒಂದೇ ಸಲಕ್ಕಲ್ಲ, ಕಾಲು ಮಿ.ಮೀ.ನಂತೆ 4 ಸಲ. ತುಂಡು ಬಿಟ್ಟುಬಂದ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತೆ. 4 ಸೆಂ.ಮೀ. ಸರಿಯಲು 40 ದಿನ ಸಾಕು, ಅದು ಗಟ್ಟಿಯಾಗೋಕೆ ಮಾತ್ರ ಎಷ್ಟೋ ತಿಂಗಳು ಬೇಕು. ಅವಸರ ಮಾಡಿ ಜಾಸ್ತಿ ತಿರುಗಿಸಿದರೆ ಮೂಳೆ ಸರಿಯಾಗಿ ಕಟ್ಟಲ್ಲ. ತೀರಾ ನಿಧಾನ ಮಾಡಿದರೆ ಕತ್ತರಿಸಿದ ಜಾಗವೇ ಮೊದಲು ಕೂಡಿಬಿಡುತ್ತೆ.

ಮಾಜಿ ಹವಾಲ್ದಾರ್, ಗದಗ:
ನಟ್ಟು ತಿರುಗಿಸೋದು ಅವನೇ ಕಲೀಲಿ, ಪುಸ್ತಕದಲ್ಲಿ ಬರೆದಿಡಲಿ. ಬೀಡಿ ಸಿಗರೇಟು ಇದ್ದರೆ ಬಿಡಿಸು, ಮೂಳೆ ಕೂಡೋಕೆ ಅದು ಅಡ್ಡಿ. ತಂತಿ ಹೊಕ್ಕ ಜಾಗ ಕೆಂಪಾಗಿ ನೋವು ಜಾಸ್ತಿಯಾದರೆ, ಕೀವು ಕಂಡರೆ, ಅವತ್ತೇ ತೋರಿಸಿ. ಪಾದ ಕೆಳಗೆ ಜೋಲದಂತೆ ಫಿಸಿಯೋದವರು ಪಟ್ಟಿ ಕಟ್ಟಿಸ್ತಾರೆ, ಬೇಜಾರಾಯ್ತು ಅಂತ ಬಿಚ್ಚಿಡಬೇಡಿ. ಇನ್ನು ಪ್ಯಾಂಟು ರಿಂಗಿನ ಮೇಲೆ ಹತ್ತಲ್ಲ. ಹೊರಬದಿಯ ಹೊಲಿಗೆ ಬಿಚ್ಚಿಸಿ ವೆಲ್ಕ್ರೋ ಹಾಕಿಸು. ಟೈಲರ್‌ಗೆ ರಿಂಗಿನ ಸುತ್ತಳತೆ ಕೊಡು, ಕಾಲಿನದಲ್ಲ.