‘ಲೈಫ್ ಮ್ಯಾನೇಜ್‌ಮೆಂಟ್’, ‘ಕರಿಯರ್ ಸ್ಕಿಲ್ಸ್’: ಶಾಲೆಯ ಪಾಠಕ್ಕೆ ಯಾವ ಹೆಸರು?

ಗೆಳೆಯರೇ, ಸರ್ಕಾರಿ ಹೈಸ್ಕೂಲು ಮಕ್ಕಳಿಗೆ ಒಂದಷ್ಟು ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೈಲಿರುವ ಹಣವನ್ನು ಲೆಕ್ಕ ಹಾಕಿ ಖರ್ಚು ಮಾಡುವುದು, ಸಾಲದ ಕಾಗದವನ್ನು ಓದಿದ ಮೇಲೇ ಸಹಿ ಹಾಕುವುದು, ಹೊತ್ತನ್ನು ಹಂಚಿಕೊಳ್ಳುವುದು, ಕೆಲಸಕ್ಕೆ ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು, ಇವೆಲ್ಲ ಅದರಲ್ಲಿವೆ. ಪಾಠಗಳಿಗಿಂತ ಹೆಸರೇ ಜಾಸ್ತಿ ಕಾಡುತ್ತಿದೆ.

ಮೊದಲು ‘ಲೈಫ್ ಮ್ಯಾನೇಜ್‌ಮೆಂಟ್’ಗೆ ‘ಜೀವನ ನಿರ್ವಹಣೆ’. ಪದಕ್ಕೆ ಪದ ಇಟ್ಟರೆ ಸರಿಯಾಗಿ ಕೂರುತ್ತದೆ. ಆದರೆ ‘ಜೀವನ ನಿರ್ವಹಣೆಗೆ ಹಾಲು ಮಾರುತ್ತಾರೆ’ ಅಂದಾಗ ನಮಗೆ ಕೇಳಿಸುವುದು ಹೊಟ್ಟೆಪಾಡು ಅಲ್ವಾ? ಹೊತ್ತು, ಆರೋಗ್ಯ, ಹಣ, ಸಂಬಂಧ ಎಲ್ಲವನ್ನೂ ತೂಗಿಸಿಕೊಂಡು ಹೋಗುವುದು ಅನ್ನುವ ಅರ್ಥ ಅದರಲ್ಲಿ ಬರುವುದಿಲ್ಲ.

ಹಾಗಾದರೆ ‘ಜೀವನ ಕೌಶಲ’ ಅನ್ನೋಣವೇ? ಅದು ಆಗಲೇ ಬೇರೆ ಕೆಲಸಕ್ಕೆ ಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಶಾಲೆಗಳಿಗೆಂದು ಹತ್ತು ಜೀವನ ಕೌಶಲಗಳನ್ನು ಗುರುತಿಸಿತು: ತನ್ನನ್ನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ತೀರ್ಮಾನ ತೆಗೆದುಕೊಳ್ಳುವುದು, ಒತ್ತಡ ತಾಳಿಕೊಳ್ಳುವುದು, ಹೀಗೆ. ಶಿಕ್ಷಕರು ಈ ಪದವನ್ನು ಬಳಸುವುದು ಹೆಚ್ಚಾಗಿ ಆ ಅರ್ಥದಲ್ಲೇ. ಆ ಹತ್ತರಲ್ಲಿ ಹಣದ ಲೆಕ್ಕವಿಲ್ಲ, ಅರ್ಜಿಯಿಲ್ಲ.

ನಿಜವಾದ ತೊಡಕು ‘ಕರಿಯರ್’ ಪದದ್ದು. ‘ವೃತ್ತಿ ಕೌಶಲ’ ಅಂದ ಕೂಡಲೇ ಹೊಲಿಗೆ, ಬಡಗಿ ಕೆಲಸ, ವೈರಿಂಗ್ ಕಣ್ಣ ಮುಂದೆ ಬರುತ್ತವೆ, ಯಾಕೆಂದರೆ ‘ವೃತ್ತಿ ಶಿಕ್ಷಣ’ ಅಂದರೆ ನಮ್ಮಲ್ಲಿ ಅದೇ. ಅದಕ್ಕೆ ‘ಪರ’ ಸೇರಿಸಿ ‘ವೃತ್ತಿಪರ ಕೋರ್ಸ್’ ಅಂದರೆ ನೇರ ಡಾಕ್ಟರು, ಎಂಜಿನಿಯರು. ‘ವೃತ್ತಿಜೀವನ’ ಇದೆ, ಒಳ್ಳೆಯ ಪದ. ಆದರೆ ಅದನ್ನು ಹೆಚ್ಚಾಗಿ ಕಾಣುವುದು ಆಟಗಾರರೋ ನಟರೋ ಹೆಸರು ಮಾಡಿದ ಮೇಲೆ ಅವರ ಬಗ್ಗೆ ಬರೆಯುವಾಗ. ಇನ್ನೂ ಯಾವ ದಾರಿ ಹಿಡಿಯಬೇಕೆಂದೇ ಗೊತ್ತಿಲ್ಲದ ಹದಿನೈದರ ಹುಡುಗಿಗೆ ‘ನಿನ್ನ ವೃತ್ತಿಜೀವನ’ ಅಂದರೆ ಅದು ತನ್ನ ಮಾತು ಅನ್ನಿಸುವುದಿಲ್ಲ. ‘ಕಸುಬು’ ನನಗೆ ಇಷ್ಟವಾದ ಪದ, ಆದರೆ ಅದರ ಹಿಂದೆಯೇ ‘ಕುಲಕಸುಬು’ ಬರುತ್ತದೆ. ಹುಟ್ಟಿನಿಂದ ಬಂದದ್ದನ್ನೇ ಮಾಡಬೇಕಿಲ್ಲ, ಆರಿಸಿಕೊಳ್ಳಬಹುದು, ಬೇಡವೆಂದರೆ ಬದಲಿಸಬಹುದು ಎಂದು ಹೇಳಿಕೊಡುವ ಪಾಠಕ್ಕೆ ಆ ಹೆಸರು ಇಡಲು ನನಗೆ ಮನಸ್ಸಿಲ್ಲ.

ಸುಮ್ನೆ ಇಂಗ್ಲಿಷನ್ನೇ ಇಟ್ಟುಬಿಡಿ ಅನ್ನುವವರಿದ್ದಾರೆ. ಮಕ್ಕಳಿಗೆ ತಿಳಿಯಬಹುದು. ಆದರೆ ‘ಇದೇನು ಪಾಠ’ ಎಂದು ಮನೆಯವರು ಕೇಳಿದಾಗ ಮಗು ಒಂದೇ ಮಾತಿನಲ್ಲಿ ಹೇಳುವಂತಿರಬೇಕು.

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಹೈಸ್ಕೂಲುಗಳಲ್ಲಿ ‘ಕರಿಯರ್ ಅಂಡ್ ಲೈಫ್ ಮ್ಯಾನೇಜ್‌ಮೆಂಟ್’ ಎಂಬ ಇಂಥದ್ದೇ ಒಂದು ವಿಷಯ ಬಹುಕಾಲ ಕಡ್ಡಾಯವಾಗಿ ನಡೆದುಬಂದಿದೆ. ಆ ಹೆಸರಿನಲ್ಲಿ ಕರಿಯರ್, ಲೈಫ್ ಎರಡಕ್ಕೂ ಸೇರಿ ‘ಮ್ಯಾನೇಜ್‌ಮೆಂಟ್’ ಒಂದೇ. ಕನ್ನಡದಲ್ಲೂ ಎರಡನ್ನೂ ಒಟ್ಟಿಗೆ ಹಿಡಿಯುವ ನುಡಿಗಟ್ಟು ಒಂದಿದೆ: ‘ಬದುಕು ಕಟ್ಟಿಕೊಳ್ಳುವುದು’. ದುಡಿಮೆಯೂ ಬಂತು, ಮನೆ, ಸಂಬಂಧ, ಆಯ್ಕೆಯೂ ಬಂತು. ಆದರೆ ವೇಳಾಪಟ್ಟಿಯಲ್ಲಿ ಬರೆಯಲು ಉದ್ದವಾಯಿತು, ಎಲ್ಲ ಕಳೆದುಕೊಂಡವರು ಮತ್ತೆ ಮೊದಲಿಂದ ಶುರುಮಾಡುವ ನೆರಳೂ ಅದಕ್ಕಿದೆ. ಸದ್ಯಕ್ಕೆ ‘ಬದುಕು ಮತ್ತು ದುಡಿಮೆ’ ಎಂದು ಇಟ್ಟುಕೊಂಡಿದ್ದೇನೆ.

ಎರಡು ವಿಷಯ ತಿಳಿಸಿ. ‘ದುಡಿಮೆ’ ಅಂದರೆ ನಿಮ್ಮ ಕಡೆ ಮೈಮುರಿದು ಮಾಡುವ ಕೆಲಸ ಮಾತ್ರವೇ, ಆಫೀಸಿನ ಕೆಲಸಕ್ಕೂ ಸಲ್ಲುತ್ತದೆಯೇ? ಮತ್ತೆ, ವರ್ಷಗಟ್ಟಲೆ ನಡೆಯುವ ಕೆಲಸದ ಹಾದಿಗೆ ಆಡುಮಾತಿನಲ್ಲಿ ಬೇರೆ ಪದ ಕೇಳಿದ್ದೀರಾ? ಕೇಳಿದ್ದರೆ ಅದು ಬಂದ ವಾಕ್ಯವನ್ನೂ ಬರೆಯಿರಿ.